ನನ್ನ ದನಿ ಹೇಳಿದ ಸುಳ್ಳು

ಏಪ್ರಿಲ್ 11, ಗುರುವಾರ

ಇವತ್ತು ಪಡುವಣ ಬಾಗಿಲಲ್ಲಿ ನನಗೆ ನಾನೇ ಎದುರಾದೆ. ಬಾಯಿಬಿಟ್ಟು ಹೇಳಿದರೆ ಹುಚ್ಚಿ ಅಂದಾರು. ಇಲ್ಲಿ ಓದುವವರು ಯಾರೂ ಇಲ್ಲ, ಬರೆಯುತ್ತೇನೆ.

ರಂಜಾನ್ ಹಬ್ಬದ ಮರುದಿನ. ತಾಷ್ಕೆಂಟಿನ ರೈಲು ತುಂಬಿ ಬಂದಿತ್ತು. ಖೀವಾದ ಒಳಕೋಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂಥ ದಿನ ಗೈಡ್ ಕೆಲಸದ ನನಗೆ ನೀರು ಕುಡಿಯುವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ಒಂದು ಗುಂಪನ್ನು ಮಿನಾರಿನ ಬುಡದಲ್ಲಿ ಬಿಟ್ಟು ಇನ್ನೊಂದು ಗುಂಪಿಗೆ ಓಡಬೇಕಿತ್ತು. ಇವತ್ತು ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರ ಕೊರಳಲ್ಲೂ ಒಂದೊಂದು ಹಳದಿ ಪೆಟ್ಟಿಗೆ, ಕಿವಿಯಲ್ಲಿ ಇಯರ್‌ಫೋನ್. ಯಾರೋ ಕಾಣದ ಕೈ ಹಗ್ಗ ಹಿಡಿದು ಎಳೆಯುತ್ತಿರುವಂತೆ ಎಡಕ್ಕೆ ತಿರುಗು ಅಂದರೆ ಎಡಕ್ಕೆ, ತಲೆ ಎತ್ತು ಅಂದರೆ ಮೇಲಕ್ಕೆ.

ಒಬ್ಬ ಮುದುಕನ ಇಯರ್‌ಫೋನು ಜಾರಿ ಎದೆಯ ಮೇಲೆ ಬಿತ್ತು. ಅದರೊಳಗಿಂದ ಹೆಂಗಸೊಬ್ಬಳು, "ಖೀವಾಕ್ಕೆ ಬನ್ನಿ, ನಾನು ಓಯ್ಜಮೋಲ್, ಇವತ್ತು ನಿಮ್ಮ ಜೊತೆಗಿರುತ್ತೇನೆ" ಅಂದಳು.

ಓಯ್ಜಮೋಲ್ ನಾನು! ಅಲ್ಲೇ ಒಂದು ಮಾರು ದೂರದಲ್ಲಿ, ಕೈಕಟ್ಟಿಕೊಂಡು ನಿಂತಿದ್ದೇನೆ!

ಚಳಿಗಾಲದಲ್ಲಿ ಈ ಪೆಟ್ಟಿಗೆಯ ಕಂಪನಿಯವರು ಊರ್ಗೆಂಚಿಗೆ ಕರೆಸಿಕೊಂಡಿದ್ದರು. ಗೋಡೆಗೆಲ್ಲ ಹಾಸಿಗೆ ಹೊದಿಸಿದಂಥ ಕೋಣೆಯಲ್ಲಿ ಕೂರಿಸಿ ಓದಿಸಿದರು. ಮ್ಯೂಜಿಯಮ್ಮಿಗೆ, ಕಣ್ಣು ಕಾಣದವರಿಗೆ ಅನುಕೂಲವಾಗಲಿ ಅಂತ, ಅಂದರು. ಮದರಸಾದ ಕಥೆ ಓದಿಸಿದ ಮೇಲೆ ಅಂಕಿ ಓದಿಸಿದರು, ತಿಂಗಳ ಹೆಸರು ಓದಿಸಿದರು. "ಕೆಂಪು ಒಂಟೆ ಏಕೆ ನಗುತ್ತದೆ" ಅಂತಲೂ ಓದಿಸಿದರು. ಇದೆಂಥ ಮ್ಯೂಜಿಯಮ್ಮಪ್ಪ ಅಂದುಕೊಂಡೆನೇ ಹೊರತು ಕೇಳಲಿಲ್ಲ. ಆ ಒಂಟೆ ನಕ್ಕಿದ್ದು ನನ್ನನ್ನು ನೋಡಿಯೇ ಇರಬೇಕು.

ಸಾಯಂಕಾಲ ರೋಜ್ಮತ್‌ಗೆ ಹೇಳಿದೆ. ಅವನು ಮರುಭೂಮಿಯ ಕೋಟೆಗಳಿಗೆ ಪ್ರವಾಸಿಗರನ್ನು ವ್ಯಾನಿನಲ್ಲಿ ಕರೆದೊಯ್ಯುವವನು. ದಿನವಿಡೀ ಮರಳು ತಿಂದು ಬಂದಿದ್ದ.

"ಒಬ್ಬಳು ಮನೇಲಿ ಬಯ್ತಾಳೆ, ಇನ್ನೊಬ್ಬಳು ಊರೆಲ್ಲ ಸುತ್ತುತಾಳೆ. ಎರಡು ಹೆಂಡಿರ ಗಂಡ ಆಗ್ಬಿಟ್ಟೆನಲ್ಲೇ" ಅಂದ.

ನಗು ಬರಲಿಲ್ಲ. ನೂಡಲ್ಸಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿದೆ. ಸಬ್ಬಸಿಗೆ ಸೊಪ್ಪು ನೆಲಕ್ಕೆಲ್ಲ ಚೆಲ್ಲಿತು.

ಏಪ್ರಿಲ್ 13, ಶನಿವಾರ

ನಾನೇ ಹೋಗಿ ಒಂದು ಪೆಟ್ಟಿಗೆ ಬಾಡಿಗೆಗೆ ತಗೊಂಡೆ. ಕೊಡುವ ಹುಡುಗಿ ನನ್ನ ಹೆಸರು ಕೇಳಿ, "ಅಯ್ಯೋ, ಅದರೊಳಗಿರೋ ಅಕ್ಕನ ಹೆಸರೂ ಅದೇ" ಅಂದಳು. ಹಣ ಕೊಟ್ಟು ಹೊರಟೆ.

ಮೊದಮೊದಲು ಎಲ್ಲ ನನ್ನ ಮಾತೇ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂಚೂರು ನಗಬೇಕು, ಎಲ್ಲ ನಾನು ಇಪ್ಪತ್ತು ವರ್ಷ ಹದ ಮಾಡಿದ್ದು. ಕದ್ದ ಮಾಲು ಎಷ್ಟು ಚೆನ್ನಾಗಿದೆ ಅಂತ ಕದ್ದವನ ಅಂಗಡಿಯಲ್ಲೇ ನಿಂತು ಮೆಚ್ಚಿಕೊಳ್ಳಬೇಕಾದ ಗತಿ ನನ್ನದು. ಮಿನಾರು ದಾಟಿದ ಮೇಲೆ ಪೆಟ್ಟಿಗೆ ಎಡಕ್ಕೆ ತಿರುಗಿ ಅಂದಿತು. ಎಡಕ್ಕೆ ಇರುವುದು ನಮ್ಮ ಓಣಿ. ಅಲ್ಲಿಗೆ ಯಾವ ಗೈಡೂ ಯಾರನ್ನೂ ಕರೆತರುವುದಿಲ್ಲ. ಅಲ್ಲಿ ನೋಡುವುದಕ್ಕೇನಿದೆ? ಒಣಗಲು ಹಾಕಿದ ಬಟ್ಟೆ, ರೊಟ್ಟಿಯ ಒಲೆ, ಕೂಗುವ ಹೆಂಗಸರು.

ನನ್ನ ಪಕ್ಕದ ಮನೆ, ಆನಬೀಬಿ ಅಜ್ಜಿಯ ನೀಲಿ ಬಾಗಿಲ ಮುಂದೆ ಪೆಟ್ಟಿಗೆ ನಿಲ್ಲು ಅಂದಿತು. ಆಮೇಲೆ ನನ್ನ ದನಿ, ನಾನು ಎಂದೂ ಓದದ, ಎಂದೂ ಕೇಳದ ಮಾತು ಹೇಳಿತು:

"ಈ ಮನೆಯಲ್ಲಿ ಖಾನನ ಕಟುಕ ವಾಸವಾಗಿದ್ದ. ಹಗಲು ತಲೆ ಕಡಿದು, ರಾತ್ರಿ ಇಲ್ಲಿಗೆ ಬಂದು ಕತ್ತಿ ತೊಳೆಯುತ್ತಿದ್ದ. ಅಂಗಳದ ಬಾವಿಯಲ್ಲಿ ಮನುಷ್ಯರ ಮೂಳೆಗಳು ಸಿಕ್ಕಿವೆ. ಅವನ ವಂಶದವರು ಇಂದಿಗೂ ಇಲ್ಲೇ ಇದ್ದಾರೆ. ಕಿವಿಗೊಡಿ... ಕೇಳಿಸಿತೇ?"

ಕಡೆಯಲ್ಲಿ ಕತ್ತಿ ಮಸೆಯುವ ಸದ್ದು!

ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ಬಾಗಿಲಿಗೆ ಅಗಳಿ ಹಾಕಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಜನ ಸೀದಾ ನುಗ್ಗಿದ್ದರು. ಬಾವಿಕಟ್ಟೆಯ ಸುತ್ತ ಬಗ್ಗಿ ಫೋನಿನ ಬೆಳಕು ಬಿಡುತ್ತಿದ್ದರು. ಅಜ್ಜಿಯ ಮೊಮ್ಮಗಳು ಇಂತಿಜೋರ್ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಏನ್ ಬಿದ್ದುಹೋಯ್ತು? ಏನ್ ಹುಡುಕ್ತಿದ್ದೀರಿ?" ಅಂತ ಕೇಳುತ್ತಿದ್ದಳು, ಪಾಪ. ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡಿದ್ದಾಳೆ. ಒಬ್ಬ ದಾಂಡಿಗ ನಗುತ್ತಾ, "ನಿಮ್ಮ ತಾತನ ಗಿರಾಕಿಗಳನ್ನ" ಅಂದ.

ಅವಳು ಅವನ ಇಯರ್‌ಫೋನು ಕಿತ್ತು ಕಿವಿಗಿಟ್ಟುಕೊಂಡಳು. ಕೇಳಿದಳು. ತಲೆ ಎತ್ತಿ ನನ್ನನ್ನು ನೋಡಿದಳು.

ಏಪ್ರಿಲ್ 14, ಭಾನುವಾರ

ಅಜ್ಜಿಯ ಬಾಗಿಲು ತಟ್ಟಿದೆ. ಒಳಗಿನಿಂದ ಅಗಳಿ.

"ಯಾರು?"

"ನಾನು ಅಜ್ಜಿ, ಓಯ್ಜಮೋಲ್."

"ಯಾವ ಓಯ್ಜಮೋಲ್?"

"ನಿಮ್ಮ ಪಕ್ಕದವಳು, ಅಜ್ಜಿ. ಆ ಮಾತು ನಾನು ಆಡಿದ್ದಲ್ಲ. ಯಂತ್ರ ಆಡಿದ್ದು."

"ದನಿ ಯಾರದು?"

"ದನಿ ನನ್ನದೇ. ಮಾತು ನನ್ನದಲ್ಲ."

ಹೆಜ್ಜೆಯ ಸದ್ದು ಕೇಳಿಸಿತು. ಹೋದಳೇನೋ ಅಂದುಕೊಂಡೆ. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ಅಂದಳು: "ಒಂದು ಮಾತು ಬಂದು ಒಮ್ಮೆ ಈ ಮನೆ ತೊಳೆದುಕೊಂಡು ಹೋಗಿದೆ, ಮಗಳೇ. ಇನ್ನೊಂದು ಬೇಡ. ಹೋಗು."

ಏನರ್ಥವೋ. ಎಂಬತ್ತರ ಹತ್ತಿರದ ಮುದುಕಿ, ಏನೋ ಅಂದಳು. ನನಗೆ ಸಂಕಟವಾದದ್ದು ಬೇರೆ ವಿಷಯಕ್ಕೆ. ಇಪ್ಪತ್ತು ವರ್ಷ ದುಡಿದು ಗಳಿಸಿದ ಒಳ್ಳೇ ಹೆಸರು ನಾಲ್ಕೇ ದಿನದಲ್ಲಿ ಮಣ್ಣುಪಾಲಾಯಿತಲ್ಲ. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಆ ಪೆಟ್ಟಿಗೆಗೆ ನಾಲಿಗೆಯೇ ಇಲ್ಲ.

ಏಪ್ರಿಲ್ 17, ಬುಧವಾರ

ಕಂಪನಿಯ ಆಫೀಸಿಗೆ ಹೋಗಿದ್ದೆ. ಮ್ಯಾನೇಜರ್ ಎಲ್ಬೆಕ್, ಮೂವತ್ತೂ ಆಗಿರದ ಹುಡುಗ, ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಟೀ ತರಿಸಿದ. ಇಂಥ ವಿನಯದವರ ಮುಂದೆ ಕೂಗಾಡುವುದೂ ಕಷ್ಟ. ಆದರೂ ಕೂಗಾಡಿದೆ.

"ಯಾರಪ್ಪ ಬರೆದದ್ದು ಆ ಕಟುಕನ ಕಥೆ?"

"ಯಾರೂ ಬರೆದಿಲ್ಲ ಅಕ್ಕ. ಯಂತ್ರ ತಾನಾಗೇ ಸೇರಿಸ್ಕೊಳ್ಳತ್ತೆ. ಜನ ಎಲ್ಲಿ ಬೇಜಾರಾಗಿ ಇಯರ್‌ಫೋನ್ ತೆಗೀತಾರೆ ಅಂತ ನೋಡತ್ತೆ, ಅಲ್ಲೊಂದು ಕಥೆ ಇಡತ್ತೆ. ಮಿನಾರಿನಿಂದ ಮುಂದಿನ ಮಸೀದಿವರೆಗೆ ದಾರಿ ಸಪ್ಪೆ ಇತ್ತು."

"ಅದು ದಾರಿಯಲ್ಲ, ನಮ್ಮ ಓಣಿ."

"ಹೌದಕ್ಕ, ಆ ಓಣಿನೇ ಈಗ ಜನ ಎಲ್ಲಕ್ಕಿಂತ ಜಾಸ್ತಿ ಮೆಚ್ಚಿರೋದು. ತಾರೀಕು ಕೇಳೋಕೆ ಯಾರೂ ಇಷ್ಟು ದೂರ ಬರಲ್ಲ. ಮೈ ಜುಮ್ ಅನ್ನಬೇಕು."

"ಮೈ ಜುಮ್ ಅನ್ನಿಸೋದಾದ್ರೆ ನಿಮ್ಮಜ್ಜಿ ಮನೆ ಬಾವಿ ತೋರಿಸಪ್ಪ."

"ನಮ್ಮಜ್ಜಿ ಮನೇಲಿ ನಲ್ಲಿ ಇದೆ ಅಕ್ಕ" ಅಂದ, ನಿಜವಾಗಿಯೂ ಬೇಸರಪಟ್ಟವನಂತೆ.

ನನಗೆ ಬಾರದ ಫ್ರೆಂಚಿನಲ್ಲಿ, ನನಗೆ ಬಾರದ ಕೊರಿಯನ್ನಿನಲ್ಲಿ ನಾನು ಮಾತಾಡುವುದನ್ನು ಕೇಳಿಸಿದ. ಹೆಮ್ಮೆಯಿಂದ ಕೇಳಿಸಿದ! "ನೋಡಿ ಅಕ್ಕ, ಇದೂ ನೀವೇ. ನಿಮಗೆ ವಯಸ್ಸಾಗಲ್ಲ, ಗಂಟಲು ಕಟ್ಟಲ್ಲ." ಬದುಕಿದ್ದಾಗಲೇ ತಿಥಿ ಮಾಡಿ, ಎಡೆ ಇಟ್ಟಿದ್ದೇನೆ ಬಂದು ತಿನ್ನು ಅಂದ ಹಾಗಾಯಿತು.

ಏಪ್ರಿಲ್ 20, ಶನಿವಾರ

ಇಂತಿಜೋರಳ ಸಂಬಂಧ ಮುರಿಯಿತು. ಊರ್ಗೆಂಚಿನ ಮನೆ. ನಿಶ್ಚಿತಾರ್ಥಕ್ಕೆ ಎರಡೂ ಕಡೆಯವರು ಕೂಡಿ ರೊಟ್ಟಿ ಮುರಿದು ಹಂಚಿಕೊಂಡಾಗಿತ್ತು. ಹಬ್ಬಕ್ಕೆ ಖೀವಾ ನೋಡಲು ಬಂದ ಗಂಡಿನ ತಾಯಿ ತಾನೂ ಒಂದು ಪೆಟ್ಟಿಗೆ ತಗೊಂಡಿದ್ದಳಂತೆ. ಉಡುಗೊರೆಯ ಬಟ್ಟೆಯೆಲ್ಲ ಮಡಿಸಿ ವಾಪಸು ಕಳಿಸಿದ್ದಾಳೆ.

ಏನೂ ಬರೆಯಲಾರೆ.

ಏಪ್ರಿಲ್ 22, ಸೋಮವಾರ

ಯಾರಿಗೂ ಹೇಳದೆ ಊರ್ಗೆಂಚಿಗೆ ಹೋದೆ. ಗಂಡಿನ ತಾಯಿ ರಾಯ್ಹೋನ್, ದೊಡ್ಡ ಅಂಗಳದ ಮನೆ, ಮಂಚದ ಮೇಲೆ ಕೂರಿಸಿ ಟೀ ಕೊಟ್ಟಳು. ಮರ್ಯಾದಸ್ಥೆ, ಅಲ್ಲ ಅನ್ನುವುದಿಲ್ಲ.

"ಆ ಮಾತು ಸುಳ್ಳು ತಂಗಿ" ಅಂದೆ. "ನಾನು ಅವರ ಪಕ್ಕದ ಮನೆಯವಳು. ಅಲ್ಲಿ ಯಾವ ಕಟುಕನೂ ಇರಲಿಲ್ಲ."

ರಾಯ್ಹೋನ್ ತನ್ನ ಟೀ ಬಟ್ಟಲನ್ನು, ಪಿಯಾಲೆಯನ್ನು, ಕೆಳಗಿಟ್ಟಳು. ನನ್ನ ಬಾಯನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಹೇಳಿ."

"ಆ ಮಾತು ಸುಳ್ಳು."

"ಅದೇ ದನಿ" ಅಂದಳು. "ಕಟುಕ ಇದ್ದ ಅಂದದ್ದೂ ಇದೇ ದನಿ, ಇರಲಿಲ್ಲ ಅಂತಿರೋದೂ ಇದೇ ದನಿ. ಯಾವುದನ್ನ ನಂಬಲಿ ಅಕ್ಕ? ಅವತ್ತು ಹೇಳೋಕೆ ನಿಮ್ಮನ್ನ ಕಂಪನಿಯವರು ಕರೆಸಿದ್ರು. ಇವತ್ತು ಹೇಳೋಕೆ ಹುಡುಗಿ ಮನೆಯವರು ಕಳಿಸಿದ್ದಾರೆ."

"ಯಾರೂ ಕಳಿಸಿಲ್ಲ!"

"ಸರಿ. ಕಟುಕ ಅಲ್ಲ ಅಂದ್ರಲ್ಲ, ಹಾಗಾದ್ರೆ ಯಾರಿದ್ರು ಆ ಮನೇಲಿ?"

ನಾನು ಪಿಯಾಲೆ ಎತ್ತಿ ಟೀ ಕುಡಿದೆ. ಅಜ್ಜಿಯ ಗಂಡ ಮೇಷ್ಟ್ರು, ಅಷ್ಟು ಗೊತ್ತು. ಅದಕ್ಕೂ ಮೊದಲು ಯಾರು? ಖಾನರ ಪಟ್ಟಿಯನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತೇನೆ. ಪಕ್ಕದ ಮನೆಯವರ ಮಾವನ ಹೆಸರು ನನಗೆ ಹೇಗೆ ಗೊತ್ತಿರಬೇಕು? ಅದೇನು ಗೈಡ್ ಪರೀಕ್ಷೆಯಲ್ಲಿ ಕೇಳುತ್ತಾರೆಯೇ? ಎಂಥ ಅಧಿಕಪ್ರಸಂಗದ ಪ್ರಶ್ನೆ!

ಬರುವಾಗ ದಾರಿಯುದ್ದಕ್ಕೂ ಆ ಹೆಂಗಸನ್ನು ಬಯ್ದುಕೊಂಡು ಬಂದೆ. ಮನೆಗೆ ಬಂದು ಇಂತಿಜೋರಳನ್ನು ಕಂಡು, ಹೋಗಿದ್ದೆ ಅಂತ ಹೇಳಿದೆ. ಅತ್ತು ಅತ್ತು ಕಣ್ಣು ಊದಿತ್ತು ಹುಡುಗಿಗೆ. ನಾನು ಹೇಳಿದ್ದೆಲ್ಲ ಕೇಳಿ, ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡು ಅಂದಳು: "ಬಿಡಿ ಚಿಕ್ಕಮ್ಮ. ಪೆಟ್ಟಿಗೆ ಮಾತು ನಂಬೋ ಮನೆ ಆ ಪೆಟ್ಟಿಗೆನೇ ಸೊಸೆ ಮಾಡ್ಕೊಳ್ಳಲಿ. ರೊಟ್ಟಿ ಸುಡತ್ತೇನೋ ನೋಡೋಣ."

ಏಪ್ರಿಲ್ 26, ಶುಕ್ರವಾರ

ರೋಜ್ಮತ್ ಬಲವಂತ ಮಾಡಿ ಅಯಾಜ್ ಕೋಟೆಗೆ ಕರೆದೊಯ್ದ. "ಮನೇಲಿ ಕೂತು ಗೋಡೆ ಬಯ್ಯೋ ಬದಲು ಬಯಲಲ್ಲಿ ಬಂದು ಬಯ್ಯಿ, ಜಾಗ ಜಾಸ್ತಿ ಇದೆ" ಅಂದ. ವ್ಯಾನಿನಲ್ಲಿ ಕಜಾಕ್ ಗಂಡಹೆಂಡತಿ, ಮತ್ತೆ ಪೋಲೆಂಡಿನ ಒಬ್ಬ ದಪ್ಪ ಹೆಂಗಸು, ಕಾಲುನೋವಿನವಳು.

ಅಲ್ಲೂ ಪೆಟ್ಟಿಗೆ! ಒಂಟೆ ಹತ್ತುವವರ ಕೊರಳಲ್ಲೂ ಪೆಟ್ಟಿಗೆ, ಮರಳ ದಿಬ್ಬದ ಮೇಲಿಂದ ಹಲಗೆಯಲ್ಲಿ ಜಾರಿ ಕೆಳಗೆ ಬೀಳುವವರ ಕೊರಳಲ್ಲೂ ಪೆಟ್ಟಿಗೆ. ಬಾಯ್ತುಂಬ ಮರಳು ತುಂಬಿಕೊಂಡು ಎದ್ದು, ನನ್ನ ದನಿ ಕೇಳುತ್ತಾ ಮತ್ತೆ ಮೇಲೆ ಹತ್ತುತ್ತಾರೆ. ಯಾವಳೋ ರಾಜಕುಮಾರಿ ಪ್ರಿಯಕರನಿಗಾಗಿ ಕೋಟೆಯ ಮೇಲಿಂದ ಹಾರಿದಳಂತೆ. ಅವಳು ಹಾರಿದ ಕಡೆ ಇಂದಿಗೂ ಕೆಂಪು ಹೂ ಅರಳುತ್ತದಂತೆ. ಅದು ಪ್ರತಿ ವಸಂತದಲ್ಲೂ ಎಲ್ಲ ಕಡೆ ಅರಳುವ ಗಸಗಸೆ ಹೂ!

ತಡೆಯಲಾಗಲಿಲ್ಲ. "ಸುಳ್ಳು ಅದು" ಅಂದೆ.

ಕಜಾಕ್ ಗಂಡಸು ಇಯರ್‌ಫೋನ್ ತೆಗೆದ. "ಹಾಗಾದ್ರೆ ನಿಜ ಏನು?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮಣ್ಣಿನ ಕೋಟೆ, ಬಹಳ ಹಳೇದು. ನೀರು ಬೇರೆ ಕಡೆ ಹರೀತು, ಜನ ಬಿಟ್ಟು ಹೋದ್ರು."

ಇಷ್ಟಕ್ಕೆ ಬಿಡುತ್ತಾರೆಂದುಕೊಂಡರೆ ಬಿಡಲಿಲ್ಲ. ನೀರು ಎಲ್ಲಿಗೆ ಹರಿಯಿತು, ಜನ ಎಲ್ಲಿಗೆ ಹೋದರು, ಗೋಡೆಯಲ್ಲಿ ಅವು ಏನು ತೂತು. ಹಕ್ಕಿಗೂಡು ಅಂದೆ. ಯಾವ ಹಕ್ಕಿ? ರೋಜ್ಮತ್‌ನನ್ನು ಕರೆದು ಕೇಳಬೇಕಾಯಿತು. ಅವನು ಹಕ್ಕಿಯನ್ನೂ ತೋರಿಸಿದ, ಅದನ್ನು ಕಾಯುತ್ತಿದ್ದ ಹಾವನ್ನೂ ತೋರಿಸಿದ. ಪೋಲೆಂಡಿನವಳು ಕೋಟೆ ಹತ್ತಲಾರೆನೆಂದು ಕೆಳಗೇ ಕೂತು, ಮರಳಲ್ಲಿ ಬೆಳೆಯುವ ಸಾಕ್ಸೌಲ್ ಮರದ ತೊಗಟೆ ಸವರುತ್ತಾ ನನ್ನನ್ನು ಅದೂ ಇದೂ ಕೇಳಿದಳು. ಹೊತ್ತು ಮುಳುಗುವವರೆಗೂ ತಲೆ ತಿಂದರು. ಪೆಟ್ಟಿಗೆ ಬಿಚ್ಚಿಟ್ಟರೆ ಇದೊಂದು ಕಷ್ಟ, ಪ್ರಶ್ನೆ ಕೇಳುತ್ತಾರೆ. ಗಂಟಲು ಒಣಗಿಹೋಯಿತು.

ಏಪ್ರಿಲ್ 29, ಸೋಮವಾರ

ಬೆಳಿಗ್ಗೆ ಕುರ್ಚಿ ತಗೊಂಡು ಹೋಗಿ ಅಜ್ಜಿಯ ಬಾಗಿಲ ಮುಂದೆ ಕೂತೆ. ಗುಂಪು ಬಂದು ನಿಂತ ಕೂಡಲೇ ಎದ್ದು, "ನಿಮ್ಮ ಕಿವೀಲಿರೋ ದನಿ ನನ್ನದು, ಹೇಳ್ತಿರೋದು ಸುಳ್ಳು" ಅಂತ ಎರಡು ಭಾಷೆಯಲ್ಲಿ ಕೂಗಿದೆ. ಕೆಲವರು ಇದೂ ಆಟದ ಭಾಗ ಅಂದುಕೊಂಡು ಚಪ್ಪಾಳೆ ಹೊಡೆದರು. ಇನ್ನೂ ಜೋರಾಗಿ ಕೂಗಿದೆ.

ಮಧ್ಯಾಹ್ನ ಪೊಲೀಸಿನವನು ಬಂದ. ನಮ್ಮ ಬೀಗರ ಕಡೆಯ ಹುಡುಗನೇ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಕ್ಕ, ದೂರು ಬಂದಿದೆ. ನೀವು... ನಿಮ್ಮ ಜೊತೆಗೇ ಜಗಳ ಆಡ್ತಿದ್ದೀರಂತೆ."

"ಹೌದು. ಯಾರನ್ನ ಹಿಡೀತೀಯ? ನನ್ನನ್ನೋ ಅವಳನ್ನೋ?"

ಅವನು ಪಾಪ ಎರಡೂ ಕಡೆ ನೋಡಿದ. "ನೆರಳಲ್ಲಾದ್ರೂ ಕೂತ್ಕೊಳ್ಳಿ" ಅಂದು ಹೋದ.

ಅಜ್ಜಿ ಬಾಗಿಲು ತೆರೆಯಲಿಲ್ಲ. ತೆರೆಯಲಿ ಅಂತ ನಾನೇನು ಕೂತಿಲ್ಲ.

ಮೇ 4, ಶನಿವಾರ

ಎಲ್ಬೆಕ್ ಮನೆಗೇ ಬಂದಿದ್ದ. ಮಿಠಾಯಿ ಡಬ್ಬ ತಂದಿದ್ದ. ನನ್ನ ದನಿಯನ್ನು ಪೆಟ್ಟಿಗೆಯಿಂದ ಪೂರ್ತಿ ತೆಗೆಯುತ್ತಾರಂತೆ. ಅಷ್ಟೇ ಅಲ್ಲ, ದೊಡ್ಡ ದೊಡ್ಡವರು, ಮಂತ್ರಿಗಳು ಬಂದಾಗ ಊರು ತೋರಿಸುವ ಕೆಲಸ ನನಗೇ ಅಂತೆ.

ರೋಜ್ಮತ್ ನನ್ನ ಮುಖ ನೋಡಿದ. ನಾನು ಏಪ್ರಿಲ್‌ನಿಂದ ಕೇಳಿದ್ದು ಇದನ್ನೇ ಅಲ್ಲವೇ? ದೇವರಾಣೆಗೂ ಇದನ್ನೇ.

"ಕಟುಕ?" ಅಂದೆ.

"ಅಂದ್ರೆ?"

"ಕಟುಕನ್ನೂ ತೆಗೀತೀರಾ?"

ಎಲ್ಬೆಕ್ ಪಿಯಾಲೆಯನ್ನು ಕೈಯಲ್ಲಿ ತಿರುಗಿಸಿದ. "ಅಕ್ಕ, ನಿಮ್ಮ ದನಿ ಇರಲ್ಲ ಅಂದ ಮೇಲೆ ನಿಮಗೇನು? ಮಿನಾರಿಗಿಂತ ಜಾಸ್ತಿ ಹೊತ್ತು ಜನ ಅಲ್ಲಿ ನಿಲ್ತಾರೆ. ಆ ಅಜ್ಜಿಗೇನು ತೊಂದ್ರೆ? ಬೇಕಾದ್ರೆ ಬಾಗಿಲಲ್ಲಿ ಟೋಪಿ, ಕಾಲುಚೀಲ ಮಾರ್ಕೊಳ್ಳಲಿ."

ಮಿಠಾಯಿ ಡಬ್ಬವನ್ನು ಅವನ ಕೈಗೇ ಕೊಟ್ಟು ಕಳಿಸಿದೆ. ಟೀಯನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ. ಇನ್ನೊಬ್ಬರ ಮನೆಯ ಟೀ ಪೂರ್ತಿ ಕುಡಿಯುವಷ್ಟೂ ಸಂಸ್ಕಾರವಿಲ್ಲ ಈ ಕಾಲದ ಹುಡುಗರಿಗೆ! ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಮೇ 7, ಮಂಗಳವಾರ

ಮಾತಿನಂತೆ ನನ್ನ ದನಿ ತೆಗೆದಿದ್ದಾರೆ. ಈಗ ಒಬ್ಬಳು ಎಳೆಯ ಹುಡುಗಿ ಹೇಳುತ್ತಾಳೆ, ಉಸಿರು ಎಳೆದೆಳೆದು. ಕಟುಕ ಹಾಗೇ ಇದ್ದಾನೆ. ಕತ್ತಿ ಮಸೆಯುವ ಸದ್ದು ಮೊದಲಿಗಿಂತ ಜೋರಾಗಿದೆ.

"ಗೆದ್ದೆ ಕಣೇ" ಅಂದ ರೋಜ್ಮತ್. "ಈಗಲಾದ್ರೂ ಮನೇಲಿ ಅಡುಗೆ ನೋಡೋ ಭಾಗ್ಯ ಇದೆಯಾ ನಮಗೆ?"

ಮೊಟ್ಟೆಯ ಕಡುಬು ಮಾಡಿಟ್ಟು, ಕುರ್ಚಿ ತಗೊಂಡು ಹೊರಟೆ. ಈಗ ಕೂಗುವುದಕ್ಕೂ ಕಷ್ಟ. "ಈ ದನಿ ನನ್ನದು" ಅನ್ನುವ ಹಾಗಿಲ್ಲ. ಮತ್ತೇನೆನ್ನಲಿ? "ಇದು ನನ್ನ ಪಕ್ಕದ ಮನೆ" ಅನ್ನುತ್ತೇನೆ. ಕೇಳಿದವರು, ಅದಕ್ಕೇನೀಗ ಅನ್ನುವ ಮುಖ ಮಾಡುತ್ತಾರೆ.

ಸಾಯಂಕಾಲ ಬಾಗಿಲ ಸಂದಿಯಿಂದ ಒಂದು ಪಿಯಾಲೆ ಟೀ ಹೊರಗೆ ಬಂತು. ಕೊಟ್ಟ ಕೈ ಕಾಣಲಿಲ್ಲ. ಸಕ್ಕರೆ ಹಾಕಿರಲಿಲ್ಲ.

ಮೇ 9, ಗುರುವಾರ

ನೆನಪಿನ ದಿನ. ಊರೆಲ್ಲ ಬೆಳಿಗ್ಗೆಯೇ ಸ್ಮಶಾನಕ್ಕೆ ಹೋಗಿ ಹಿರಿಯರ ಗೋರಿ ಗುಡಿಸಿ ಬಂದಿತ್ತು. ನಾವೂ ಹೋಗಿದ್ದೆವು. ರಜೆಯಾದ್ದರಿಂದ ಒಳಕೋಟೆಯಲ್ಲಿ ವಿಪರೀತ ಜನ. ಹತ್ತು ಗಂಟೆಗೆಲ್ಲ ಓಣಿ ತುಂಬಿ, ಬಾಗಿಲ ಮುಂದೆ ನಲವತ್ತು ಜನಕ್ಕೆ ಕಡಿಮೆಯಿಲ್ಲ. ತಾಷ್ಕೆಂಟಿನವರು, ರಷ್ಯದವರು, ಇಂಗ್ಲಿಷಿನವರು. ನಾನು ಕುರ್ಚಿಯಿಂದ ಎದ್ದು ಬಾಯಿ ತೆರೆದೆ.

ಅಗಳಿ ತೆಗೆದ ಸದ್ದಾಯಿತು.

ಅಜ್ಜಿ ಬಿಳಿಯ ವಸ್ತ್ರ ತಲೆಗೆ ಸುತ್ತಿಕೊಂಡು ಕೋಲೂರಿ ಹೊಸ್ತಿಲ ಮೇಲೆ ನಿಂತಿದ್ದಳು. ಹಿಂದೆ ಇಂತಿಜೋರ್ ಮಣೆ ಹಿಡಿದುಕೊಂಡಿದ್ದಳು. ಅಜ್ಜಿ ಕೂರಲಿಲ್ಲ.

"ನೀನು ಸುಮ್ನಿರು" ಅಂದಳು ನನಗೆ. "ಇಷ್ಟು ದಿನ ಕೂಗಿದ್ದು ಸಾಕು. ನಾನು ಹೇಳ್ತೀನಿ. ಅವರವರ ಮಾತಲ್ಲಿ ನೀನು ಹೇಳು. ನಾನು ಹೇಳಿದಷ್ಟೇ ಹೇಳು, ತಿಳೀತಾ? ಒಗ್ಗರಣೆ ಹಾಕಬೇಡ."

ಹಾಗೆ ಹೇಳಲು ಶುರುಮಾಡಿದಳು. ಒಂದು ಮಾತು ಹೇಳಿ ನಿಲ್ಲುವಳು. ನಾನು ಎರಡು ಭಾಷೆಯಲ್ಲಿ ಹೇಳಿ ಮುಗಿಸುವವರೆಗೂ ನನ್ನ ತುಟಿಯನ್ನೇ ನೋಡುವಳು.

"ಈ ಮನೇಲಿ ನನ್ನ ಮಾವ ಇದ್ರು. ನೀರಗಂಟಿ. ಕಾಲುವೆ ನೀರು ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ಬಿಡೋರು. ನಾನು ಅವರನ್ನ ನೋಡಿಲ್ಲ. ನನ್ನ ಗಂಡ ಎದೆಹಾಲು ಕುಡಿಯೋ ಮಗು ಆಗಿದ್ದಾಗ, ಮೂವತ್ತೇಳನೇ ಇಸವೀಲಿ, ಸರ್ಕಾರದ ಪೊಲೀಸಿನವರು ಅವರನ್ನ ಈ ಬಾಗಿಲಿಂದ ಹಿಡ್ಕೊಂಡು ಹೋದ್ರು."

"ಯಾರೋ ಏನೋ ಹೇಳಿದ್ರಂತೆ. ಹೇಳಿದ್ದು ಸುಳ್ಳು. ಕೇಳಿದವರು ನಂಬಿದ್ರು. ಯಾರ ದನಿ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ."

"ನನ್ನ ಅತ್ತೆ ಈ ಬಾಗಿಲಿಗೆ ಅಗಳಿ ಹಾಕಲಿಲ್ಲ. ಮಾವ ರಾತ್ರಿ ವಾಪಸು ಬಂದ್ರೆ ತಟ್ಟೋದು ಬೇಡ ಅಂತ. ಸಾಯೋವಾಗ ನನಗೂ ಹೇಳಿದ್ಲು, ಹಾಕಬೇಡ ಅಂತ. ನಾನೂ ಹಾಕಲಿಲ್ಲ. ಈ ವಸಂತದಲ್ಲಿ ನೀವೆಲ್ಲ ಬಂದು ಹಾಕಿಸಿದ್ರಿ."

ಯಾರೋ ಇಯರ್‌ಫೋನ್ ತೆಗೆದರು. ಪಕ್ಕದವರೂ ತೆಗೆದರು. ಅಜ್ಜಿ ಬಾವಿಯ ಕಡೆ ಕೈ ತೋರಿಸಿದಳು.

"ಇವತ್ತು ಎಲ್ಲರೂ ಗೋರಿಗೆ ಹೋಗಿ ಬಂದಿದ್ದೀರಿ. ನಮಗೆ ಹೋಗೋಕೆ ಜಾಗ ಇಲ್ಲ. ಎಲ್ಲಿ ಹೂತ್ರು ಅಂತ ಹೇಳಲೇ ಇಲ್ಲ. ಬಾವೀಲಿ ಮೂಳೆ ಇದೆ ಅಂತೀರಲ್ಲ. ಇದ್ದಿದ್ರೆ ನಾನೇ ಇಳಿದು ತರ್ತಿದ್ದೆ. ತೊಳೆದು, ಬಿಳೀ ಬಟ್ಟೇಲಿ ಸುತ್ತಿ, ಮಣ್ಣು ಕೊಟ್ಟು, ನನ್ನ ಅತ್ತೆ ಅಳದೇ ಉಳಿಸಿಕೊಂಡ ಅಳು ಅತ್ತುಬಿಡ್ತಿದ್ದೆ. ಒಂದು ಮೂಳೆ ಸಿಕ್ಕಿದ್ರೂ ಸಾಕಿತ್ತು."

ಇದನ್ನು ಹೇಳುವಾಗ ನನ್ನ ಹಳೆಯ ಅಭ್ಯಾಸ, ದನಿ ಇಳಿಸುವುದು, ಒಂದು ಕಡೆ ತಡೆದು ನಿಲ್ಲಿಸುವುದು, ನಾಲಿಗೆಯ ತುದಿಗೆ ಬಂತು. ಮುದುಕಿ ಗದರಿಸಿಬಿಟ್ಟಾಳೆಂದು ನುಂಗಿಕೊಂಡು, ಹೇಳಿದಷ್ಟನ್ನೇ ಹೇಳಿದೆ. "ಮಣ್ಣು ಕೊಡುವುದು" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಮಾತು ಸಿಗಲಿಲ್ಲ. ಬಗ್ಗಿ ಓಣಿಯ ಒಂದು ಹಿಡಿ ಮಣ್ಣು ಎತ್ತಿ, ಬೆರಳ ಸಂದಿಯಿಂದ ಬಿಟ್ಟು ತೋರಿಸಿದೆ. ತಿಳಿಯಿತು ಅವರಿಗೆ.

ನಮ್ಮ ತಾಷ್ಕೆಂಟಿನ ಕಡೆಯ ಒಬ್ಬ ಮುದುಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಬಿಚ್ಚಿ ಪ್ರಾರ್ಥನೆ ಮಾಡಿದ. ಆಮೇಲೆ ಕೆಂಪು ಮುಖದ ಒಬ್ಬ ಪರದೇಶದ ಹೆಂಗಸು ಹೆದರಿ ಹೆದರಿ ಕೇಳಿದಳು, "ಅವರ ಹೆಸರೇನು?"

ಅಜ್ಜಿಗೆ ಹೇಳಿದೆ. ಅಜ್ಜಿ ಮೊದಲ ಸಲ ಮಣೆಯ ಮೇಲೆ ಕೂತಳು.

"ಕುರ್ಬೊನ್ನಿಯೋಜ್" ಅಂದಳು.

"ಕುರ್ಬನಿಯಾಸ್" ಅಂದಳು ಆ ಹೆಂಗಸು.

"ಅಲ್ಲ" ಅಂದಳು ಅಜ್ಜಿ. "ಕುರ್‌-ಬೊನ್‌-ನಿಯೋಜ್. ಇನ್ನೊಂದ್ಸಲ ಹೇಳು."

ಆ ಹೆಂಗಸು ಹೇಳಿದಳು. ಅಜ್ಜಿ ಅವಳ ಪಕ್ಕದವನ ಕಡೆ ಕೋಲು ತೋರಿಸಿದಳು. ಅವನೂ ಹೇಳಿದ. ತಪ್ಪಿತು. ಮತ್ತೆ ಹೇಳಿಸಿದಳು. ಹೀಗೆ ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದಳು ಮುದುಕಿ, ಸರಿಯಾಗುವ ತನಕ ಬಿಡಲಿಲ್ಲ. ಓಣಿಯ ತುಂಬ ಯಾವ ಯಾವುದೋ ದೇಶದ ನಾಲಿಗೆಗಳು ಆ ಒಂದು ಹೆಸರಿಗೆ ಎಡವಿ, ಎದ್ದು, ಮತ್ತೆ ಎಡವುತ್ತಿದ್ದವು. ಇಂತಿಜೋರ್ ಬಾಗಿಲಿಗೆ ಒರಗಿ ಅಳುತ್ತಾ ನಗುತ್ತಿದ್ದಳು.

ಕಡೆಯಲ್ಲಿ ಕೋಲು ನನ್ನ ಕಡೆ ತಿರುಗಿತು. ನನ್ನಿಂದಲೂ ಹೇಳಿಸಿದಳು!

ಮೇ 17, ಶುಕ್ರವಾರ

ಆ ದಿನ ಯಾರೋ ಫೋನಿನಲ್ಲಿ ತೆಗೆದ ವಿಡಿಯೊ ಊರೂರು ಸುತ್ತಿದೆಯಂತೆ. ಎಲ್ಬೆಕ್ ಫೋನ್ ಮಾಡಿ, "ಕಟುಕನ್ನೂ ತೆಗೆದಿದ್ದೀವಿ ಅಕ್ಕ, ಇನ್ನಾದ್ರೂ ಬಿಡಿ" ಅಂದ. ಊರ್ಗೆಂಚಿನಿಂದ ರಾಯ್ಹೋನ್ ಮತ್ತೆ ಮಾತಾಡೋಣವೇ ಅಂತ ಯಾರ ಕೈಯಲ್ಲೋ ಹೇಳಿಕಳಿಸಿದ್ದಳು. ಇಂತಿಜೋರ್ ಬೇಡ ಅಂದಳು.

ಪೆಟ್ಟಿಗೆ ತಗೊಂಡು ಹೋಗಿ ಕೇಳಿ ನೋಡಿದೆ. ಕಟುಕನಿಲ್ಲ, ಕತ್ತಿಯಿಲ್ಲ. ಆದರೆ ಅವನ ಜಾಗದಲ್ಲಿ ಏನೂ ಇಲ್ಲ! ಮಿನಾರು ಮುಗಿದದ್ದೇ ಆ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಓಣಿ ದಾಟಿ ಮಸೀದಿಯ ಹತ್ತಿರ ಬಂದ ಮೇಲೆ ಮತ್ತೆ ಶುರುಮಾಡುತ್ತಾಳೆ. ಅಂದರೇನು? ಇಲ್ಲಿ ಯಾರೂ ಇರಲೇ ಇಲ್ಲವೇ? ಸುಳ್ಳಾಡಿದವರಿಗೆ ಒಂದು ಮಾತು ನಿಜ ಹೇಳುವುದಕ್ಕೆ ಏನು ರೋಗ? ಎಷ್ಟು ಸಿಟ್ಟು ಬಂತೆಂದರೆ ಬೆಳಗಿನ ಟೀ ಕೂಡ ಕುಡಿಯದೆ ಕುರ್ಚಿ ತಗೊಂಡು ಹೊರಟೆ. ಈಗೀಗ ಓಣಿಯ ಉಳಿದ ಹೆಂಗಸರೂ ನಮ್ಮ ಮನೆಯದು ಯಾವಾಗ ಹೇಳುತ್ತೀಯ ಅಂತ ಪೀಡಿಸುತ್ತಿದ್ದಾರೆ. ಇವರೆಲ್ಲರಿಗೂ ನಾನೊಬ್ಬಳೇ ಎಷ್ಟು ಅಂತ ಬಾಯಿ ಕೊಡಲಿ?

ಪ್ರವಾಸಿಗರು ಬರುತ್ತಾರೆ. ಅಜ್ಜಿಯ ಬಾಗಿಲ ಹತ್ತಿರ ಬಂದದ್ದೇ ಕಿವಿಯೊಳಗೆ ಸದ್ದು ನಿಂತುಹೋಗುತ್ತದೆ. ಪೆಟ್ಟಿಗೆ ಕೆಟ್ಟಿತೆಂದು ತಟ್ಟಿ ನೋಡುತ್ತಾರೆ, ಅಲುಗಿಸಿ ನೋಡುತ್ತಾರೆ, ಆಮೇಲೆ ಇಯರ್‌ಫೋನ್ ತೆಗೆಯುತ್ತಾರೆ. ಅಷ್ಟರಲ್ಲಿ ಅಜ್ಜಿ ಹೇಳಲು ಶುರುಮಾಡಿರುತ್ತಾಳೆ.